ಮೇಷ್ಟ್ರ ತೊಡೆಯ ಮೇಲಿನ ಕೋವಿ

“ಬುದ್ಧಿ, ಕೋವಿಯನ್ನು ಜನರ ಕೈಯಿಂದ ತೆಗೆಯಬೇಕೋ, ಇಲ್ಲ ಮಕ್ಕಳನ್ನು ಕಾಯುವವರ ಕೈಗೂ ಒಂದು ಕೊಡಬೇಕೋ?”

ಕೇಳಿದವನು ಹಲವು ವರ್ಷ ವಕೀಲಿ ಮಾಡಿ, ಅದನ್ನು ಬಿಟ್ಟು ಮಠಕ್ಕೆ ಬಂದು ಸೇರಿದ್ದ ಶಿಷ್ಯ. ದೂರದ ದೇಶವೊಂದರಲ್ಲಿ ಯಾವನೋ ಶಾಲೆಗೆ ನುಗ್ಗಿ ಮಕ್ಕಳನ್ನು ಗುಂಡಿಕ್ಕಿ ಕೊಂದ ಸುದ್ದಿ ಅಂದಿನ ಪತ್ರಿಕೆಯಲ್ಲಿತ್ತು. ಅಲ್ಲಿನ ಜನ ಎರಡು ಪಂಗಡವಾಗಿ ವಾದ ಮಾಡುತ್ತಿದ್ದರು. ಶಿಷ್ಯ ಎರಡೂ ಕಡೆಯ ವಾದವನ್ನು ಗುರುಗಳ ಮುಂದೆ ಬಿಡಿಸಿ ಇಟ್ಟ. ಎರಡರಲ್ಲೂ ಹುರುಳಿದೆ, ಆದ್ದರಿಂದಲೇ ತನಗೆ ಬಗೆಹರಿಯುತ್ತಿಲ್ಲ ಎಂದ.

ಗುರುಗಳು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳತೊಡಗಿದರು.

ಕಾಡಿನ ಅಂಚಿನಲ್ಲಿ ಒಂದು ಊರಿತ್ತು. ರಾಗಿ ತೆನೆಗಟ್ಟಿತೆಂದರೆ ಹಂದಿಗಳು ಬರುತ್ತಿದ್ದವು, ಅವುಗಳ ಹಿಂದೆಯೇ ಆನೆಗಳು. ಆದ್ದರಿಂದ ಮನೆಮನೆಗೂ ಒಂದು ಕೋವಿ ಇತ್ತು. ನಡುಮನೆಯ ಗೋಡೆಯಲ್ಲಿ ಮೊರ, ಜರಡಿಗಳ ಪಕ್ಕದಲ್ಲೇ ಅದೂ ನೇತಾಡುತ್ತಿತ್ತು. ಯಾರೂ ಅದಕ್ಕೆ ಹೆದರುತ್ತಿರಲಿಲ್ಲ. ಬೆಳೆ ಕಾಯುವ ದಿನ ಬಿಟ್ಟರೆ ಅದರ ಕಡೆ ನೋಡುತ್ತಲೂ ಇರಲಿಲ್ಲ.

ಊರಿಗೊಂದು ಶಾಲೆ. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಬೇರೆ ಕಡೆಯಿಂದ ವರ್ಗವಾಗಿ ಬಂದವರು. ಅವರಿಗೆ ಮಕ್ಕಳಿರಲಿಲ್ಲ. ಕುರ್ಚಿ ಇದ್ದರೂ ಅದರಲ್ಲಿ ಕೂರುತ್ತಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಕೂತರೆ, ಸಣ್ಣ ಮಕ್ಕಳು ಸ್ಲೇಟು ಹಿಡಿದು ಬರುತ್ತಿದ್ದವು. ಒಂದು ಮಗು ತೊಡೆಯ ಮೇಲೆ ಕೂರುತ್ತಿತ್ತು, ಇನ್ನೊಂದು ಬೆನ್ನಿಗೆ ಒರಗುತ್ತಿತ್ತು, ಮತ್ತೊಂದು ಕೊರಳಿಗೆ ಜೋತುಬೀಳುತ್ತಿತ್ತು. ಬಳಪ ಹಿಡಿದ ಕೈಗಳ ಗುರುತು ಅಂಗಿಯ ಮೇಲೆಲ್ಲ ಮೂಡುತ್ತಿತ್ತು. ಮೇಷ್ಟ್ರು ಅದನ್ನು ಕೊಡವಿಕೊಳ್ಳುತ್ತಿರಲಿಲ್ಲ. ಸಂಜೆ ಒಂಟಿ ಮನೆಯಲ್ಲಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕುವಾಗ ಆ ಪುಟ್ಟ ಬೆರಳುಗಳ ಗುರುತನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತಿದ್ದರು.

ಅದೇ ಊರಿನಲ್ಲಿ ಒಬ್ಬ ರೈತನಿಗೂ ಅವನ ಅಣ್ಣನಿಗೂ ಹೊಲದ ಬದುವಿನ ಜಗಳವಿತ್ತು. ಏಳು ವರ್ಷದಿಂದ ಬೆಳೆದು ಬಂದ ಜಗಳ. ಒಂದು ದಿನ ಬೆಳಗ್ಗೆ ಬದುವಿನ ಮೇಲೆಯೇ ಮಾತಿಗೆ ಮಾತು ಹತ್ತಿಕೊಂಡಿತು. ತಮ್ಮನಾದವನು ಸಿಟ್ಟಿನಲ್ಲಿ ಮನೆಗೆ ಬಂದವನೇ ಗೋಡೆಯ ಮೇಲಿದ್ದ ಜೋಡು ನಳಿಗೆಯ ಕೋವಿಯನ್ನು ತೆಗೆದುಕೊಂಡ. ಅಣ್ಣನಿದ್ದ ಹೊಲಕ್ಕೆ ಮರಳಲಿಲ್ಲ. ಅಣ್ಣನ ಒಬ್ಬನೇ ಮಗ ಕೂತಿದ್ದ ಶಾಲೆಗೆ ಹೋದ.

ಆ ಹೊತ್ತಿನಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸಿನ ಮಗಳು ರಾಜಮ್ಮಣಿ ಸ್ಲೇಟು ಹಿಡಿದುಕೊಂಡು ಮೇಷ್ಟ್ರ ಹತ್ತಿರ ಬಂದಿದ್ದಳು. ಏಳು ವರ್ಷದ ಹುಡುಗಿ. ಮೇಷ್ಟ್ರು ಬೇರೊಂದು ಮಗುವಿನ ಲೆಕ್ಕ ತಿದ್ದುತ್ತಿದ್ದರು. “ತಡಿ ಮಗ, ಅಲ್ಲೇ ಕೂತಿರು, ಕರೀತೀನಿ” ಎಂದರು. ಅವಳು ಬಾಗಿಲ ಪಕ್ಕದ ತನ್ನ ಜಾಗಕ್ಕೆ ಹೋಗಿ ಕೂತಳು.

ಮೊದಲ ಗುಂಡು ಅಣ್ಣನ ಮಗನಿಗೆ ತಗುಲಿತು. ಎರಡನೆಯದು ರಾಜಮ್ಮಣಿಗೆ. ಅವನು ಮತ್ತೆ ತೋಟಾ ತುಂಬುವಷ್ಟರಲ್ಲಿ ಪಕ್ಕದ ಕಣದಲ್ಲಿದ್ದ ಗಂಡಸರು ಓಡಿಬಂದು ಹಿಡಿದರು. ಪೊಲೀಸರು ಬಂದು ಕರೆದೊಯ್ದರು.

ತೋಟಾ ತುಂಬಿಕೊಳ್ಳುತ್ತಿದ್ದ ಆ ಹೊತ್ತು ಮಾತ್ರ ಮೇಷ್ಟ್ರ ಪಾಲಿಗೆ ಮುಗಿಯಲೇ ಇಲ್ಲ. ಆಗ ತಾವು ಎದ್ದು ಅವನ ಮೇಲೆ ಬೀಳಬಹುದಿತ್ತು. ಬೀಳಲಿಲ್ಲ. ಕೈಯಲ್ಲಿ ಬಳಪ ಹಿಡಿದು ಕೂತೇ ಇದ್ದರು.

ತಿಥಿ ಮುಗಿದ ಮಾರನೆಯ ದಿನ ಊರು ಚಾವಡಿಯಲ್ಲಿ ಸೇರಿತು. ಕೋವಿಗಳನ್ನೆಲ್ಲ ತಂದು ಚಾವಡಿಯ ಕೋಣೆಯಲ್ಲಿಟ್ಟು ಬೀಗ ಹಾಕಬೇಕು, ಬೆಳೆ ಕಾಯುವ ದಿನ ಮಾತ್ರ ಕೊಡಬೇಕು ಎಂದು ಒಂದು ಕಡೆಯವರು ಹೇಳಿದರು. ಗೋಡೆಯ ಮೇಲೆ ಕೋವಿ ಇರದಿದ್ದರೆ ಅವನ ಕೈಗೆ ದೊಣ್ಣೆಯೊಂದೇ ಸಿಗುತ್ತಿತ್ತು, ಎರಡೂ ಮಕ್ಕಳು ಉಳಿಯುತ್ತಿದ್ದವು ಎಂಬುದು ಅವರ ಮಾತು. ಬೀಗದ ಕೈ ಹುಡುಕುವವರೆಗೆ ಆನೆ ಹೊಲದಂಚಿನಲ್ಲಿ ನಿಂತಿರುತ್ತದೆಯೇ ಎಂದು ಇನ್ನೊಂದು ಕಡೆಯವರು ಕೇಳಿದರು. ಒಬ್ಬ ತಲೆಕೆಟ್ಟವನ ತಪ್ಪಿಗೆ ಊರೆಲ್ಲ ಯಾಕೆ ಕೈಕಟ್ಟಿ ಕೂರಬೇಕು? ಮೇಷ್ಟ್ರ ಹತ್ತಿರವೂ ಒಂದು ಕೋವಿ ಇದ್ದಿದ್ದರೆ ಅವನು ಹೊಸ್ತಿಲು ದಾಟುತ್ತಿರಲಿಲ್ಲ ಎಂದರು.

ಎರಡು ಮಾತಿಗೂ ತಲೆದೂಗುವವರಿದ್ದರು. ನಾಲ್ಕು ತಿಂಗಳು ವಾರವಾರವೂ ಚಾವಡಿ ಸೇರಿತು. ಬೀಗರು ಬೀಗರ ಮನೆಗೆ ಹೋಗುವುದನ್ನು ಬಿಟ್ಟರು. ಮಾತೆತ್ತಿದರೆ ಎರಡೂ ಕಡೆಯವರು ರಾಜಮ್ಮಣಿಯ ಹೆಸರು ಹೇಳುತ್ತಿದ್ದರು. ಚಿಕ್ಕತಾಯಮ್ಮ ಮೊದಲೆರಡು ಸಲ ಬಂದು ಹೆಂಗಸರ ಜೊತೆ ಕೂತಿದ್ದಳು. ಆಮೇಲೆ ಬರಲಿಲ್ಲ. ಊಟಕ್ಕೆ ಕರೆಯೋಕೆ ಅಂತ ಇಟ್ಟ ಹೆಸರು ಅದು, ಜಗಳಕ್ಕೆ ಎಳೆಯೋಕಲ್ಲ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿದಳಂತೆ.

ಕೊನೆಗೆ ಕೋವಿಗಳು ಮನೆಗಳಲ್ಲೇ ಇರಲಿ, ಮೇಷ್ಟ್ರಿಗೂ ಒಂದು ಕೊಡೋಣ ಎಂದಾಯಿತು. ಮೇಷ್ಟ್ರು ಬೇಡವೆನ್ನುತ್ತಾರೆಂದು ಕೆಲವರು ಎಣಿಸಿದ್ದರು. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು. ಅಂಥ ಹೊತ್ತು ಇನ್ನೊಮ್ಮೆ ಬಂದರೆ ಸುಮ್ಮನೆ ಕೂತಿರಬಾರದು, ಅವರಿಗೆ ಬೇಕಾಗಿದ್ದು ಅಷ್ಟೇ.

ಮುದಿ ಬೇಟೆಗಾರನೊಬ್ಬನ ಹತ್ತಿರ ಗುರಿಯಿಡುವುದನ್ನು ಕಲಿತರು. ಚಾಪೆ ಸುತ್ತಿ ಮೂಲೆಗಿಟ್ಟರು. ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡು, ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಪಾಠ ಹೇಳಿದರು. ಮಕ್ಕಳು ಮಗ್ಗಿ ಹೇಳುವಾಗ ಕಿವಿ ಅವರ ಕಡೆ, ಕಣ್ಣು ಬಾಗಿಲ ಕಡೆ. ಹೊರಗೆ ತರಗೆಲೆ ಸದ್ದಾದರೂ ಕೈ ತಾನಾಗಿ ಕೋವಿಯ ಮೇಲೆ ಹೋಗುತ್ತಿತ್ತು. ಹೆತ್ತವರಿಗೆ ಸಮಾಧಾನವಾಯಿತು. ಮೊದಲ ಕೆಲವು ವಾರ ಮೇಷ್ಟ್ರಿಗೂ ನೆಮ್ಮದಿಯಾಗಿಯೇ ಇತ್ತು.

ಆದರೆ ತೊಡೆಯ ಮೇಲೆ ಜಾಗವಿರಲಿಲ್ಲ. ಹತ್ತಿರ ಹೋಗಬೇಡಿ ಎಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಅವು ತಾವಾಗಿಯೇ ಹೋಗುವುದನ್ನು ಬಿಟ್ಟವು. ಸ್ಲೇಟನ್ನು ನೆಲದ ಮೇಲಿಟ್ಟು ಮೇಷ್ಟ್ರ ಕಡೆಗೆ ತಳ್ಳಿ ಹಿಂದೆ ಸರಿದು ನಿಲ್ಲುತ್ತಿದ್ದವು. ಶಾಲೆಯಲ್ಲಿ ಗಲಾಟೆ ನಿಂತಿತು. ತನಿಖೆಗೆ ಬಂದ ಸಾಹೇಬರು ಮಕ್ಕಳ ಶಿಸ್ತನ್ನು ಹೊಗಳಿ ಹೋದರು.

ಅಂಗಿಯನ್ನು ಮೂರು ದಿನ ಹಾಕಿಕೊಂಡರೂ ಕೊಳೆಯಾಗುತ್ತಿರಲಿಲ್ಲ. ಒಂದು ಸಂಜೆ ಮೇಷ್ಟ್ರು ಗೂಟದ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋಳು, ಬೆನ್ನು, ಕೊರಳಪಟ್ಟಿ ಎಲ್ಲ ಹುಡುಕಿದರು. ಒಂದು ಬೆರಳಿನ ಗುರುತೂ ಇರಲಿಲ್ಲ. ಪೆಟ್ಟಿಗೆ ತೆರೆದು, ಒಗೆಯದೆ ಉಳಿದ ಹಳೆಯ ಅಂಗಿ ಏನಾದರೂ ಇದೆಯೇ ಎಂದು ನೋಡಿದರು. ಎಲ್ಲವನ್ನೂ ಒಗೆದು ಮಡಿಸಿಟ್ಟಾಗಿತ್ತು.

ಮುಂದಿನ ವರ್ಷ ಶಾಲೆ ಶುರುವಾದಾಗ ರಾಜಮ್ಮಣಿಯ ತಂಗಿ ಪುಟ್ಟಮ್ಮಣಿ ಒಂದನೇ ತರಗತಿಗೆ ಸೇರಿದಳು. ಒಂದು ದಿನ ಅವಳು ತನ್ನ ಮೊದಲ ಅಕ್ಷರ ಬರೆದು, ತೋರಿಸಲೆಂದು ಎದ್ದು ಬಂದಳು. ಮೂರು ಮಾರು ದೂರದಲ್ಲಿ ನಿಂತುಬಿಟ್ಟಳು. ಸ್ಲೇಟನ್ನು ಎರಡೂ ಕೈಯಲ್ಲಿ ಎದೆಗೆ ಅಡ್ಡ ಹಿಡಿದಿದ್ದಳು. ಮೇಷ್ಟ್ರು ಹತ್ತಿರ ಬಾ ಎಂದರು.

“ಅದು ನನ್ ಕಡೆ ತಿರುಗ್ತದಾ ಮೇಷ್ಟ್ರೆ?”

ಇಲ್ಲ ಎಂದರು. ಕೋವಿಯನ್ನು ಮೂಲೆಗೆ ಒರಗಿಸಿ ಬಂದು ಖಾಲಿ ಕೈ ತೋರಿಸಿದರು. ಅವಳು ಕೈ ನೋಡಲಿಲ್ಲ. ಮೂಲೆಯನ್ನು ನೋಡುತ್ತಿದ್ದಳು.

ಅಂದು ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಚಿಕ್ಕತಾಯಮ್ಮನ ಮನೆಗೆ ಹೋದರು. ರಾಜಮ್ಮಣಿ ಹೋದ ಮೇಲೆ ಆ ಮನೆಯ ಕಡೆ ಕಾಲಿಟ್ಟಿರಲಿಲ್ಲ. ಜಗಲಿಯ ಮೇಲೆ ಕೂತು, ಇಷ್ಟು ದಿನ ಯಾರಿಗೂ ಹೇಳದಿದ್ದುದನ್ನು ಹೇಳಿದರು. ಆ ದಿನ ಅವಳು ಸ್ಲೇಟು ತಂದಿದ್ದಳು. ತಡಿ ಎಂದು ಕಳಿಸಿದೆ. ಆಮೇಲೆ ಕರೆಯಲು ಆಗಲಿಲ್ಲ. ಏನು ಬರೆದಿದ್ದಳೋ ಇವತ್ತಿಗೂ ಗೊತ್ತಿಲ್ಲ. ಆ ಸಂಕಟಕ್ಕೇ ಕೋವಿ ಹಿಡಿದೆ, ಈಗ ನೋಡಿದರೆ ಉಳಿದ ಮಕ್ಕಳೂ ಕೈಗೆ ಸಿಗದಷ್ಟು ದೂರ ಹೋಗಿಬಿಟ್ಟಿದ್ದಾರೆ ಎಂದರು.

ಚಿಕ್ಕತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮೇಷ್ಟ್ರನ್ನು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಕೋವಿ ಇದ್ದರೆ ಚಿಕ್ಕವಳು ಉಳೀತಾಳೋ, ಇಲ್ಲದಿದ್ದರೆ ಉಳೀತಾಳೋ ನನಗೆ ಗೊತ್ತಿಲ್ಲ ಮೇಷ್ಟ್ರೆ,” ಎಂದಳು. “ದೊಡ್ಡವಳು ಮನೆಗೆ ಬಂದರೆ ಬರೀ ನಿಮ್ಮ ಸುದ್ದಿ ಹೇಳೋಳು. ಇವಳು ಬಾಗಿಲ ಸುದ್ದಿ ಹೇಳ್ತಾಳೆ.”

ಮಾರನೆಯ ದಿನ ಮೇಷ್ಟ್ರು ಕೋವಿಯನ್ನು ಚಾವಡಿಗೆ ತಂದು ಊರ ಯಜಮಾನನ ಮುಂದಿಟ್ಟರು. ಮೇಷ್ಟ್ರು ಮಕ್ಕಳನ್ನು ಕೈಬಿಟ್ಟರು ಎಂದು ಒಂದು ಕಡೆಯವರು ಎದ್ದು ನಿಂತರು. ಮೇಷ್ಟ್ರು ಕೊನೆಗೂ ನಮ್ಮ ಕಡೆ ಬಂದರು ಎಂದು ಇನ್ನೊಂದು ಕಡೆಯವರು ಜಾಗ ಬಿಟ್ಟು ಕರೆದರು. ಮೇಷ್ಟ್ರು ಎಲ್ಲಿಯೂ ಕೂರಲಿಲ್ಲ. ತಮಗೂ ಹೆದರಿಕೆ ಇದೆ, ಅದು ಹೋಗಿಲ್ಲ ಎಂದರು. ಮಕ್ಕಳು ನನ್ನ ಹತ್ತಿರ ಬರಬೇಕು, ಅದಕ್ಕೆ ನನ್ನ ಕೈಲಾದದ್ದನ್ನು ಮಾಡಿದ್ದೇನೆ, ಮನೆಯ ಗೋಡೆಗಳ ಮೇಲಿರುವ ಕೋವಿಗಳನ್ನು ಏನು ಮಾಡಬೇಕೆಂದು ಹೇಳಬೇಕಾದವರು ನೀವು ಎಂದು ಹೇಳಿ ಶಾಲೆಗೆ ಹೋದರು. ಚಾವಡಿಯಲ್ಲಿ ವಾದ ಮೊದಲಿನಿಂದ ಶುರುವಾಯಿತು.

ಮೇಷ್ಟ್ರು ಸುತ್ತಿಟ್ಟಿದ್ದ ಚಾಪೆಯನ್ನು ಬಿಚ್ಚಿದರು. ಈ ಸಲ ಅದನ್ನು ಹೊಸ್ತಿಲಿಗೆ ಹೊಂದಿಸಿ ಹಾಸಿ, ಬೀದಿಗೆ ಬೆನ್ನು, ಮಕ್ಕಳಿಗೆ ಮುಖ ಮಾಡಿ ಕೂತರು. ಯಾರೇ ಒಳಗೆ ಬರಬೇಕಾದರೂ ಅವರನ್ನು ದಾಟಿಯೇ ಬರಬೇಕು. ಅರ್ಧದಷ್ಟು ಜನ ಮಕ್ಕಳನ್ನು ಶಾಲೆಗೆ ಕಳಿಸುವುದನ್ನೇ ನಿಲ್ಲಿಸಿದರು. ಚಿಕ್ಕತಾಯಮ್ಮ ಪುಟ್ಟಮ್ಮಣಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಮಗಳನ್ನು ಬಿಟ್ಟು, ತಿರುವಿನವರೆಗೆ ಹೋಗಿ, ಅಲ್ಲಿ ನಿಂತು ಹಿಂದಿರುಗಿ ನೋಡಿ ಹೊಲಕ್ಕೆ ಹೋಗುತ್ತಿದ್ದಳು.

ಬೆನ್ನ ಹಿಂದೆ ಹೆಜ್ಜೆ ಸದ್ದಾದಾಗಲೆಲ್ಲ ಮೇಷ್ಟ್ರ ಮೈ ಬಿಗಿಯುತ್ತಿತ್ತು. ಆದರೂ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಎದುರಿನ ಮಕ್ಕಳ ಮುಖ ಬದಲಾಗುತ್ತದೆಂದು ಗೊತ್ತಿತ್ತು. ಯಾವ ಮಗು ಎದ್ದು ಬಂದರೂ ತಡಿ ಎನ್ನುವುದನ್ನು ಬಿಟ್ಟರು. ಹಬ್ಬಗಳು ಬಂದು ಹೋದವು. ಮೊದಲು ಒಂದು ಮಗು ಬಂದು ಮೊಣಕಾಲಿಗೆ ಒರಗಿತು. ಆಮೇಲೆ ಇನ್ನೆರಡು ಬಂದವು.

ಪುಟ್ಟಮ್ಮಣಿ ಬರಲಿಲ್ಲ. ದಿನವೂ ಎದ್ದು ನಿಂತು, ದೂರದಿಂದಲೇ ಸ್ಲೇಟು ಎತ್ತಿ ಹಿಡಿಯುತ್ತಿದ್ದಳು. ಮೇಷ್ಟ್ರು ಕರೆಯುತ್ತಿರಲಿಲ್ಲ. ಕಣ್ಣು ಕಿರಿದುಮಾಡಿ ಅಲ್ಲಿಂದಲೇ ಓದಿ, ಸರಿಯಾಗಿದೆ ಮಗ ಎನ್ನುತ್ತಿದ್ದರು. ಗೌರಿ ಹಬ್ಬದ ಹೊತ್ತಿಗೆ ಅವಳು ಎರಡು ಮಾರಿನಷ್ಟು ಹತ್ತಿರ ಬಂದು ನಿಂತಳು. ಸಂಕ್ರಾಂತಿಯ ಹೊತ್ತಿಗೆ ಒಂದು ಮಾರು. ಅಲ್ಲಿಂದ ಇನ್ನು ನಾಲ್ಕು ಪುಟ್ಟ ಹೆಜ್ಜೆ. ಮೇಷ್ಟ್ರ ಕೈ ತೊಡೆಯ ಮೇಲೆ ಅಂಗಾತ ಬಿದ್ದಿರುತ್ತಿತ್ತು. ಅವಳು ಎದ್ದಾಗಲೆಲ್ಲ ಅವರು ಅವಳ ಪಾದಗಳನ್ನೇ ನೋಡುತ್ತಿದ್ದರು.

ಗುರುಗಳು ಇಲ್ಲಿಗೆ ಮಾತು ನಿಲ್ಲಿಸಿದರು.

“ಕೊನೆಗೆ ಚಾವಡಿಯಲ್ಲಿ ಯಾರ ವಾದ ಗೆದ್ದಿತು ಬುದ್ಧಿ?” ಎಂದು ಶಿಷ್ಯ ಕೇಳಿದ.

“ಅಲ್ಲಿ ಇನ್ನೂ ಮಾತು ನಡೆಯುತ್ತಿದೆ, ಆ ಮಗು ಇನ್ನೂ ಒಂದು ಮಾರು ದೂರದಲ್ಲೇ ನಿಂತಿದೆ.”