ಹೊಟ್ಟೆಗೆ ಕಟ್ಟಿದ ಕುಂಬಳಕಾಯಿ

ಮಕ್ಕಳೇ, ಈ ಕಥೆಯ ಅಕ್ಷರ ಅಕ್ಷರವೂ ನಿಜ. ನನ್ನ ಮೀಸೆಯ ಮೇಲಾಣೆ. ಇಂಥ ಮೀಸೆ ಜಿಲ್ಲೆಯಲ್ಲೇ ಇನ್ನೊಂದಿಲ್ಲ, ನಿಮಗೆ ಗೊತ್ತೇ ಇದೆ.

ನಮ್ಮೂರ ಬಸ್ ಸ್ಟ್ಯಾಂಡಿನ ಎದುರು ನನ್ನ ಗೆಳೆಯ ಈರಭದ್ರಪ್ಪನ ಮಿರ್ಚಿ ಭಜಿ ಅಂಗಡಿ. ತಿಂದವರು ಸುರಿಸಿದ ಬೆವರಿಗೆ ಅಂಗಡಿ ಮುಂದೆ ಧೂಳೇ ಏಳುತ್ತಿರಲಿಲ್ಲ. ಅವನದೊಂದು ಹಟ. ಪ್ರತಿ ಸಲ ಬಾಣಲೆಯಿಂದ ಎತ್ತಿದ ಮೊದಲ ಭಜಿ ತಾನೇ ತಿನ್ನಬೇಕು. ‘ನಾ ತಿನ್ನಲಾರದ್ದು ಮಂದಿಗೆ ಕೊಡಂಗಿಲ್ಲ’ ಎಂದು ಎದೆ ತಟ್ಟುತ್ತಿದ್ದ.

ತಿಂದೂ ತಿಂದೂ ಹೊಟ್ಟೆಗೆ ಉರಿ ಹತ್ತಿತು. ನೀರು ಕುಡಿದರೆ ಎರಡೂ ಕಿವಿಯಿಂದ ಹೊಗೆ! ಡಾಕ್ಟರು, ‘ಹೊಟ್ಟೆ ಒಳಗೆ ಊದಿಕೊಂಡಿದೆ, ಖಾರ ಬಿಡಿ’ ಎಂದು ಮಾತ್ರೆ ಕೊಟ್ಟರು. ಇವನು ಮಾತ್ರೆಯನ್ನು ಭಜಿಯ ಜೊತೆಗೇ ನುಂಗಿದ. ಕೊನೆಗೆ ಒಲೆಯ ಮುಂದೆ ನಿಲ್ಲಲಾಗದೆ, ಅಪ್ಪನ ಕಾಲದ ಅಂಗಡಿಗೆ ಬೀಗ ಹಾಕಿದ.

‘ಇದು ಮಂದಿ ಕಣ್ಣು’ ಎಂದ. ದೃಷ್ಟಿ ತೆಗೆಯಲು ಅಂಗಡಿ ಬಾಗಿಲಿಗೆ ಕಟ್ಟಬೇಕೆಂದು ಸಂತೆಯಿಂದ ಬೂದುಗುಂಬಳಕಾಯಿ ತಂದ. ಹೊತ್ತವನು ನಾನೇ. ಬೇರೆಯವರಾದರೆ ನಾಲ್ವರು ಬೇಕಿತ್ತು.

ಅವನು ಹಗ್ಗ ತರುವಷ್ಟರಲ್ಲಿ ಹೆಂಡತಿ ಗುರುಸಿದ್ಧವ್ವ ಕಾಯಿಯನ್ನು ಈಳಿಗೆಗೆ ಹಚ್ಚಿದ್ದಳು.

‘ಏ, ಏನ್ ಮಾಡಾಕತ್ತಿ? ಅದು ದೃಷ್ಟಿಗೆ ತಂದದ್ದು!’

‘ದೃಷ್ಟಿ ಬಿದ್ದದ್ದು ಬಾಗಲಕ್ಕೇನ್ರಿ, ಹೊಟ್ಟಿಗೇನ್ರಿ?’

‘ಹೊಟ್ಟಿಗೆ.’

‘ಮತ್ತ ಬಾಗಲಕ್ಕ ಯಾಕ ಕಟ್ಟತೀರಿ? ಹೊಟ್ಟಿಗೇ ಕಟ್ಟೋಣು.’

ಅವತ್ತಿನಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಂಬಳದ ರಸ, ಮಧ್ಯಾಹ್ನ ಗಂಜಿ, ನೀರುಮಜ್ಜಿಗೆ. ಖಾರ ಬಂದ್.

‘ಭಜಿ ರುಚಿ ಯಾರ್ ನೋಡಬೇಕು?’ ಎಂದು ಗೊಣಗಿದ.

‘ನಾ ನೋಡತೀನಿ. ಇಷ್ಟು ವರ್ಷ ನಿಮ್ಮ ಜೋಡಿ ಬಾಳೇ ಮಾಡೇನಿ. ಅದಕ್ಕಿಂತ ಖಾರ ಏನೈತಿ?’

ಬರಬರುತ್ತಾ ಉರಿ ಇಳಿಯಿತು. ಮಾತ್ರೆಯೂ ಈಗ ಕೆಲಸ ಮಾಡಿತೆಂದು ಡಾಕ್ಟರು ತಲೆದೂಗಿದರು. ಅಂಗಡಿ ಮತ್ತೆ ತೆರೆಯಿತು. ಮೊದಲ ಭಜಿ ಗುರುಸಿದ್ಧವ್ವನ ಪಾಲು. ಬಾಗಿಲಲ್ಲಿ ಬರೀ ಹಗ್ಗ ತೂಗುತ್ತದೆ. ಯಾರಾದರೂ ‘ಕುಂಬಳಕಾಯಿ ಎಲ್ಲಪಾ?’ ಎಂದರೆ ಈರಭದ್ರಪ್ಪ ಹೊಟ್ಟೆ ತಟ್ಟಿಕೊಂಡು, ‘ಇಲ್ಲಿ ಕಟ್ಟ್ಯಾಳ್ರಿ ನಮ್ಮಾಕಿ!’ ಎಂದು ಬೀಗುತ್ತಾನೆ.

ನೀತಿ: ಹೊಟ್ಟೆಯ ಉರಿಗೆ ಮಂದಿಯ ಕಣ್ಣನ್ನು ದೂರಬೇಡಿ. ಹಟ ಬಿಟ್ಟು ಬಾಯಿ ಕಟ್ಟಿದವನಿಗೇ ಡಾಕ್ಟರ ಮಾತ್ರೆಯೂ ಹತ್ತುತ್ತದೆ, ಅಡುಗೆಮನೆಯ ಮದ್ದೂ ಹತ್ತುತ್ತದೆ.

ಮೀಸೆಯ ಆಣೆ ಇಟ್ಟಿದ್ದೇನೆ, ಅದಕ್ಕೇ ಹೇಳಿಬಿಡುತ್ತೇನೆ. ಒಂದು ಸಣ್ಣ ಸುಳ್ಳು ನುಸುಳಿದೆ. ಹೊಗೆ ಎರಡೂ ಕಿವಿಯಿಂದ ಬರುತ್ತಿರಲಿಲ್ಲ. ಎಡಗಿವಿಯಿಂದ ಮಾತ್ರ.