ಮುಂದೆ ಕೂತ ಶಾಲು

ಪದ್ಮನಾಭಯ್ಯನೂ ಅವನ ತಂಗಿ ಭಾಗೀರಥಿಯೂ ವರ್ಷಾನುಗಟ್ಟಲೆ ವೇದಿಕೆ ಮೇಲೆ ಪಕ್ಕಪಕ್ಕದಲ್ಲೇ ಕೂತು ಹಾಡಿದವರು. ಯಾರೋ ಅಣ್ಣನಿಗೆ ಶಾಲು ಹೊದಿಸಿ ಬಿರುದು ಕೊಟ್ಟರು ನೋಡಿ, ಅವನ ಪಿತ್ತ ನೆತ್ತಿಗೇರಿತು.

ಮುಂದಿನ ಕಛೇರಿಯಲ್ಲಿ ಪಕ್ಕವಾದ್ಯದವರ ಎದುರಿಗೇ ಅಂದ: "ಭಾಗೀ, ನೀನು ಒಂದು ಮೊಳ ಹಿಂದೆ ಕೂತ್ಕೋ. ಶಾಲು ಹೊದ್ದವನ ಸರಿಸಮಕ್ಕೆ ಕೂರೋದು ಚೆನ್ನಾಗಿರಲ್ಲ."

ಭಾಗೀರಥಿಗೆ ಮೈಯೆಲ್ಲ ಉರಿದುಹೋಯಿತು. ಈ ಮಹಾನುಭಾವನಿಗೆ ಒಂದು ಕೀರ್ತನೆಯ ಚರಣವೂ ನೆನಪಿರುವುದಿಲ್ಲ. ಇಷ್ಟು ವರ್ಷವೂ ಓರೆಗಣ್ಣಲ್ಲಿ ತಂಗಿಯ ತುಟಿ ನೋಡಿಕೊಂಡೇ ಹಾಡಿದವನು. ಆ ತುಟಿಗೇ ಈಗ ಹಿಂದಿನ ಸಾಲು!

ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. "ಒಂದೇ ಮೊಳ ಯಾಕಣ್ಣ? ದೊಡ್ಡ ಶಾಲು, ಎರಡು ಮೊಳ ಇರಲಿ," ಎಂದು ಚಾಪೆ ಹಿಂದಕ್ಕೆಳೆದು ಕೂತಳು.

ಪಲ್ಲವಿ ಹೇಗೋ ದಾಟಿತು. ಚರಣ ಬಂತು. ಅಣ್ಣ ಓರೆಗಣ್ಣು ಹಾಯಿಸಿದ. ಅಲ್ಲಿ ಪಿಟೀಲಿನವನ ಮೀಸೆ! ತಂಗಿಯ ಹಾಡು ಕಿವಿಗೆ ಬಿದ್ದು ಇವನು ಬಾಯಿ ತೆರೆಯುವಷ್ಟರಲ್ಲಿ ತಾಳ ಮುಂದೆ ಓಡಿತ್ತು. ಕತ್ತು ತಿರುಗಿಸಿದ. ಸಾಲದೆ ಇಡೀ ಮೈಯನ್ನೇ ತಿರುಗಿಸಿದ.

ಮುಂದಿನ ಕುರ್ಚಿಯ ಅಜ್ಜಿಯೊಬ್ಬರು ಗಟ್ಟಿಯಾಗಿ ಕೇಳಿದರು: "ಏನಪ್ಪಾ, ನಮ್ಮ ಮೇಲೆ ಕೋಪವೇ? ಬೆನ್ನು ತೋರಿಸ್ಕೊಂಡು ಹಾಡ್ತಿದೀಯಲ್ಲ!"

ಸಭೆ ಗೊಳ್ಳೆಂದಿತು. ಎರಡನೆಯ ಕೀರ್ತನೆ ಶುರುವಾಗುವ ಮೊದಲೇ ಅವನು ತನ್ನ ಚಾಪೆ ಎಳೆದುಕೊಂಡು ತಂಗಿಯ ಪಕ್ಕಕ್ಕೆ ಸರಿದ. ಅವಸರದಲ್ಲಿ ಶಾಲು ಜಾರಿ ಮುಂದೆಯೇ ಬಿದ್ದಿತ್ತು. ತೆಗೆದುಕೊಳ್ಳಲು ಕೈ ಚಾಚಿದ.

ಭಾಗೀರಥಿ ಶ್ರುತಿ ಸರಿಮಾಡುತ್ತಲೇ ಅಂದಳು: "ಇರಲಿ ಬಿಡಣ್ಣ. ಮುಂದೆ ಕೂರಬೇಕಾಗಿದ್ದದ್ದು ಅದೇ ತಾನೇ?"