ಉಣ್ಣೆ ವ್ಯಾಪಾರಿ ಹುಡುಕಿಸಿದ ಸರದಾರ

ಇಂಗ್ಲೆಂಡಿನ ಒಂದು ಸಣ್ಣ ಪೇಟೆಯಲ್ಲಿ ಆಂಬ್ರೋಸ್ ಹೋರ್ವಿಲ್ ಎಂಬ ಉಣ್ಣೆ ವ್ಯಾಪಾರಿ ಇದ್ದ. ಆ ಊರಿನ ಚರ್ಚಿನಲ್ಲಿ ಒಂದು ಹಳೆಯ ಸಮಾಧಿ. ಅದರ ಮೇಲೆ ಕತ್ತಿ ಹಿಡಿದು ಮಲಗಿದ ಕಲ್ಲಿನ ಮೂರ್ತಿ ಗಿಲ್ಬರ್ಟ್ ದ ಹೋರ್ವಿಲ್‌ನದು. ನೂರಾರು ವರ್ಷಗಳ ಹಿಂದೆ ಫ್ರಾನ್ಸಿನ ನಾರ್ಮಂಡಿಯಿಂದ ಸಮುದ್ರ ದಾಟಿ ಬಂದು ಆ ಸೀಮೆಯನ್ನು ಗೆದ್ದ ಸರದಾರ ಅವನು. ಮೂರ್ತಿಯ ಮೂಗು ಒಡೆದುಹೋಗಿತ್ತು. ಆದರೂ ಆಂಬ್ರೋಸ್ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ದು, "ನೋಡಿ, ನಮ್ಮದೇ ಮೂಗು" ಎನ್ನುತ್ತಿದ್ದ.

ಒಂದು ದಿನ ಅವನ ಮಗಳು ವಿನಿಫ್ರೆಡ್, ಹಿಟ್ಟಿನ ಗಿರಣಿಯ ಜೆತ್ರೊನನ್ನು ಮದುವೆಯಾಗುತ್ತೇನೆ ಎಂದಳು.

"ಸರದಾರನ ವಂಶದ ಹುಡುಗಿ ಮೈಯೆಲ್ಲ ಹಿಟ್ಟು ಮೆತ್ತಿಕೊಂಡವನ ಕೈ ಹಿಡಿಯುವುದೇ? ನಾನಿರುವವರೆಗೂ ಆಗದು."

"ನಾವು ಆ ವಂಶ ಅಂತ ಯಾರಪ್ಪಾ ಹೇಳಿದ್ದು?"

"ಹೆಸರೇ ಹೇಳುತ್ತಲ್ಲ! ಬೇಕಾದರೆ ರುಜುವಾತು ಮಾಡಿಸುತ್ತೇನೆ."

ವಂಶಾವಳಿ ಹುಡುಕುವುದನ್ನೇ ಕಸುಬು ಮಾಡಿಕೊಂಡಿದ್ದ ಆಗ್ನೆಸ್ ಎಂಬ ಹೆಂಗಸನ್ನು ಕರೆಸಿದ. ಅವಳು ಮೊದಲು ಕೇಳಿದ್ದು ಅವನ ತಾತನ ಹೆಸರು. "ಈ ಕೆಲಸದಲ್ಲಿ ನಮ್ಮಿಂದ ಹೊರಟು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು, ಸಾಹುಕಾರರೇ."

"ನಮ್ಮ ತಾತ ಕುರಿ ಕಾಯುತ್ತಿದ್ದ. ಅವನನ್ನು ಹುಡುಕಿ ಏನಾಗಬೇಕು? ಸರದಾರನಿಂದಲೇ ಹೊರಡಿ. ಇಳಿಯುತ್ತಾ ಬಂದರೆ ನಾನು ಸಿಗಲೇಬೇಕು."

"ಹಾಗೆ ಹೊರಟರೆ ಯಾರ ಮನೆ ಮುಟ್ಟುತ್ತೇವೋ ಹೇಳಲಾಗದು."

"ನೀವು ಹೊರಡಿ ಅಮ್ಮ!"

ಆಗ್ನೆಸ್ ಮಠಗಳ ದಾನಪತ್ರ, ಕೋರ್ಟಿನ ವ್ಯಾಜ್ಯಗಳ ಕಡತ, ಚರ್ಚಿನ ಮದುವೆ ದಾಖಲೆ ಎಲ್ಲವನ್ನೂ ತಿರುವಿಹಾಕಿ ಮರುವರ್ಷ ಬಂದಳು.

"ಸರದಾರನಿಗೆ ಗಂಡುಮಕ್ಕಳಿರಲಿಲ್ಲ. ಇದ್ದವಳು ಒಬ್ಬಳೇ ಮಗಳು. ಅವಳ ವಂಶ ಇಳಿದು ಬಂದು ಗಿರಣಿಯ ಜೆತ್ರೊನಲ್ಲಿ ನಿಲ್ಲುತ್ತದೆ. ನಿಮಗೆ ಆ ಹೆಸರು ಹೇಗೆ ಬಂತೋ, ಅದನ್ನು ಹುಡುಕಲು ನೀವೇ ಬಿಡಲಿಲ್ಲ."

ಆಂಬ್ರೋಸ್ ಪೆಚ್ಚಾದ. ಆದರೂ ವ್ಯಾಪಾರಿಯಲ್ಲವೇ, ಬೇಗ ಚೇತರಿಸಿಕೊಂಡ. "ಹಾಗಾದರೆ ಮದುವೆ ಈ ತಿಂಗಳೇ ಆಗಲಿ! ಸರದಾರನ ಕುಡಿ ನನ್ನ ಅಳಿಯ!"

ವಿನಿಫ್ರೆಡ್‌ಗೆ ಬೇಕಾಗಿದ್ದು ಸಿಕ್ಕಿತ್ತು. ಆದರೆ ಅದು ಸಿಕ್ಕ ರೀತಿ ಹಿಡಿಸಲಿಲ್ಲ. "ಆ ಸರದಾರ ಎಂಥ ಮನುಷ್ಯ, ಆಗ್ನೆಸಮ್ಮ?" ಎಂದು ಕೇಳಿದಳು.

"ಮನೆಗೆ ಮೂರನೆಯ ಮಗ. ಪಾಲಿಗೆ ಜಮೀನಿಲ್ಲ. ಏರಿ ಬಂದ ಕುದುರೆಯೂ ಅಣ್ಣನದು. ಇಲ್ಲಿಗೆ ಬಂದು ಊರಿನ ಕಣಜಗಳಿಗೆ ಬೆಂಕಿ ಹಚ್ಚಿಸಿದ. ಗಿರಣಿಯವನನ್ನು ಓಡಿಸಿ ಗಿರಣಿ ಕಿತ್ತುಕೊಂಡ. ಮುದುಕನಾದ ಮೇಲೆ ಅದನ್ನೇ ಮಗಳಿಗೆ ಬಳುವಳಿ ಕೊಟ್ಟ."

"ಅಪ್ಪಾ, ಅಂಥವನು ಇವತ್ತು ಬಂದು ನನ್ನನ್ನು ಕೇಳಿದರೆ ಕೊಡುತ್ತೀಯಾ?"

"ಥೂ! ಮುಖದ ಮೇಲೆ ಬಾಗಿಲು ಹಾಕುತ್ತೇನೆ," ಎಂದುಬಿಟ್ಟ ಆಂಬ್ರೋಸ್. ಎಂದ ಮೇಲೆ ಅವನ ಮುಖವೇ ಸಣ್ಣದಾಯಿತು.

"ಹಾಗಿದ್ದರೆ ಅವನ ಹೆಸರು ನೋಡಿ ನನ್ನನ್ನು ಕೊಡಬೇಡ. ಜೆತ್ರೊನನ್ನು ನೋಡಿ ಕೊಡು."

ಮಾರನೆಯ ದಿನ ಆಂಬ್ರೋಸ್ ಮೊದಲ ಸಲ ಗಿರಣಿಗೆ ಹೋದ. ನೇರ ಒಳಗೆ ನುಗ್ಗಿದವನನ್ನು ಜೆತ್ರೊ ತಡೆದ. "ಸ್ವಲ್ಪ ನಿಲ್ಲಿ ಸಾಹುಕಾರರೇ. ಈ ಅಜ್ಜಿ ಮುಂಚೆ ಬಂದಿದ್ದಾರೆ."

ಆಂಬ್ರೋಸ್ ನಿಂತ. ಅಜ್ಜಿಯ ಹಿಡಿ ಗೋಧಿ ಬೀಸಿ ಮುಗಿಯುವವರೆಗೂ ನಿಂತೇ ಇದ್ದ. ಮನೆಗೆ ಬಂದು ಮಗಳಿಗೆ, "ಹುಡುಗ ಒಳ್ಳೆಯವನು ಕಣೇ" ಎಂದ. ವಂಶದ ಮಾತೆತ್ತಲಿಲ್ಲ.

ನೀತಿ: ಸತ್ತವರ ದೊಡ್ಡಸ್ತಿಕೆಯಿಂದ ಬದುಕಿರುವವರ ಯೋಗ್ಯತೆ ಅಳೆಯಬಾರದು. ಹಿರಿಯರು ಯಾರೆಂದು ತಿಳಿದುಕೊಳ್ಳುವುದು ತಪ್ಪಲ್ಲ; ಎದುರಿಗಿರುವ ಮನುಷ್ಯ ಎಂಥವನೆಂದು ನೋಡದೇ ಇರುವುದು ತಪ್ಪು.